ಅತ್ತಿಮರಕ್ಕೆ ಹೆಣ್ಣು ಕೊಟ್ಟ ಸಿಂಗ್ರಯ್ಯ

ಇನ್ನೂ ಸ್ವಲ್ಪ ಹತ್ತಿರ ಬಂದು ಕುಳಿತುಕೊಳ್ಳಿ; ಈ ಕತೆಯನ್ನು ಕೂಗಿ ಹೇಳುವಂತಿಲ್ಲ. ಕತೆಯ ನಾಯಕನ ಕಿವಿಗೆ ಬಿದ್ದರೆ, ಇದರಲ್ಲಿ ಬರುವುದನ್ನೆಲ್ಲ ಅವನು ಇನ್ನೊಮ್ಮೆ ಮಾಡಿ ತೋರಿಸಿಯಾನು.

ಹೊಂಗೆಕೊಪ್ಪಲು ಎಂಬ ಊರು. ಆ ಊರಿನಲ್ಲಿ ದುಂಡವ್ವ ಎಂಬ ತಾಯಿ. ಆ ತಾಯಿಗೆ ಸಿಂಗ್ರಯ್ಯ ಎಂಬ ಒಬ್ಬನೇ ಮಗ. ಆಳು ನೋಡಿದರೆ ಆರಡಿ, ಮೀಸೆ ನೋಡಿದರೆ ಗೇಣುದ್ದ, ಬುದ್ಧಿಯನ್ನು ನೋಡಲು ಹೊರಟವರು ಮಾತ್ರ ಇನ್ನೂ ಹುಡುಕುತ್ತಲೇ ಇದ್ದರು. ಹೇಳಿದ ಮಾತನ್ನು ಎಂದೂ ಮೀರಿದವನಲ್ಲ. ಅದೇ ಅವನ ಗುಣ, ಅದೇ ಅವನ ಗ್ರಹಚಾರ. "ಹಾಲು ಉಕ್ಕೋದನ್ನ ನೋಡ್ತಾ ಇರು ಮಗ" ಎಂದು ತಾಯಿ ಹೇಳಿ ಹೋದರೆ, ಒಲೆಯ ಮುಂದೆ ಕುಕ್ಕುರುಗಾಲಿನಲ್ಲಿ ಕುಳಿತು, ಕಟ್ಟಕಡೆಯ ಹನಿ ಉಕ್ಕುವವರೆಗೂ ನೋಡಿ, "ಬಲು ಚೆನ್ನಾಗಿ ಉಕ್ತು ಕಣವ್ವ!" ಎಂದು ವರದಿ ಒಪ್ಪಿಸಿದವನು.

"ಅಯ್ಯೋ ನನ್ನ ಕರ್ಮವೇ!" ಎಂದು ದುಂಡವ್ವ ಹಣೆ ಚಚ್ಚಿಕೊಂಡಳು. ಆ ಹಣೆಗೆ ಇದು ಹೊಸದಲ್ಲ.

ಹೀಗಿರುವಾಗ ಹಿತ್ತಲ ಆಚೆ ಒಂದು ತೆಂಗಿನ ಮರವನ್ನು ಕಡಿದರು. ಮರದೊಂದಿಗೆ ಗೂಡೂ ಬಿತ್ತು. ಗೂಡಿನೊಳಗೆ ಮೂರು ಅಳಿಲಿನ ಮರಿಗಳು. ಕಣ್ಣು ಬಿಟ್ಟಿರಲಿಲ್ಲ, ಮೈಮೇಲೆ ರೋಮವಿರಲಿಲ್ಲ. ದುಂಡವ್ವ ಅವನ್ನು ಸೆರಗಿನಲ್ಲಿ ತಂದು, ಹತ್ತಿಯ ಬತ್ತಿಯನ್ನು ಮೇಕೆ ಹಾಲಿನಲ್ಲಿ ಅದ್ದಿ ಅದ್ದಿ ಚೀಪಿಸಿದಳು. ಕಣ್ಣು ಬಿಟ್ಟವು, ರೋಮ ಬಂತು, ಬೆನ್ನ ಮೇಲೆ ಗೆರೆ ಮೂಡಿತು, ಬಾಲ ಕುಚ್ಚಾಯಿತು. ಗೆಜ್ಜೆ, ಗೋಲಿ, ಗೊಂಬೆ ಎಂದು ಹೆಸರಿಟ್ಟಳು. ಮೂರೂ ಹೆಣ್ಣೆಂದು ತಾನೇ ತೀರ್ಮಾನ ಮಾಡಿದಳು. ಬಿದಿರಿನ ದಬ್ಬೆಯ ಪಂಜರದಲ್ಲಿ ಸಾಕಿದಳು.

ಈಗ ಅವು ಬೆಳೆದುಬಿಟ್ಟಿದ್ದವು. ಬೆಳೆದ ಹಲ್ಲು ಸುಮ್ಮನಿದ್ದೀತೇ? ಕಟಕಟ ಎಂದು ಪಂಜರದ ದಬ್ಬೆಯನ್ನೇ ಕೊರೆಯತೊಡಗಿದವು. ದುಂಡವ್ವ ಗೋಣಿದಾರ ಸುತ್ತಿದಳು; ದಾರವನ್ನೂ ಕೊರೆದವು. ಇತ್ತ ಪಕ್ಕದ ಮನೆಯ ಕರಿಕೊತ್ತಿ ಗೋಡೆಯ ಮೇಲೆ ಕುಳಿತು, ಮೀಸೆ ಒರೆಸಿಕೊಳ್ಳುತ್ತ ಕಾಯುತ್ತಿತ್ತು.

ಆ ಬೆಕ್ಕಿನ ಹೆಸರೆತ್ತಿದರೆ ದುಂಡವ್ವ ನೆಟಿಕೆ ಮುರಿದು ಶಪಿಸುತ್ತಿದ್ದಳು. ಹೋದ ವರ್ಷ ಒಂದು ಅಳಿಲನ್ನು ಸಾಕಿ, ದೊಡ್ಡದು ಮಾಡಿ, ಹಿತ್ತಲಲ್ಲೇ ಬಿಟ್ಟಿದ್ದಳು. ಅದು ನುಗ್ಗೆಮರವನ್ನು ಮುಟ್ಟುವ ಮೊದಲೇ ಈ ಕೊತ್ತಿ ಹಾರಿತ್ತು. ಎರಡು ದಿನ ದುಂಡವ್ವ ಮುದ್ದೆ ಮುಟ್ಟಿರಲಿಲ್ಲ.

"ಈ ಸಲ ಹಂಗಾಗಬಾರ್ದು ಮಗ," ಎಂದಳು. ಬಚ್ಚಲಲ್ಲಿ ಜಾರಿ ಬಿದ್ದು ಅವಳ ಮಂಡಿ ಹಲಸಿನಂತೆ ಊದಿತ್ತು, ಎದ್ದು ಹೋಗುವಂತಿರಲಿಲ್ಲ. "ಒಳ್ಳೇ ಜಾಗ ನೋಡಿ ಬಿಡಬೇಕು. ಪಂಜರ ಮುರಿಯೋದ್ರೊಳಗೆ ಬಿಡಬೇಕು. ನೀನೇ ಹೋಗಿ ಜಾಗ ನೋಡ್ಕೊಂಡು ಬಾ. ಎತ್ತರದ ಜಾಗ ಆಗಿರ್ಬೇಕು. ಜನಗಳ ಕೈಗೆ ಸಿಗಬಾರ್ದು. ತಿಳೀತಾ?"

"ಎತ್ತರ ಇರ್ಬೇಕು, ಜನಗಳ ಕೈಗೆ ಸಿಗಬಾರ್ದು. ತಿಳೀತವ್ವ!"

ಸಿಂಗ್ರಯ್ಯ ಹೊರಟ. ಎತ್ತರ, ಎತ್ತರ ಎಂದು ಬಾಯಿಪಾಠ ಮಾಡುತ್ತ ಹೊರಟ. ಹುಣಸೆಮರ ನೋಡಿದ, ಅದಕ್ಕಿಂತ ಎತ್ತರದ್ದು ಊರಿನಲ್ಲಿ ಇನ್ನೊಂದಿತ್ತು. ಹತ್ತಿ ನೋಡಿದ, ಇಳಿದ, ಓಡಿ ಬಂದ.

"ಸಿಕ್ತು ಕಣವ್ವ! ಊರಿಗೇ ಎತ್ತರ! ಸುತ್ತ ಕಂಬಿ ಹಾಕವ್ರೆ, ಒಂದು ನರಪಿಳ್ಳೆ ಹತ್ತಾಕಿಲ್ಲ!"

"ಯಾವ ಮರವೋ ಅದು?"

"ಮರ ಅಲ್ಲ ಕಣವ್ವ, ನೀರಿನ ಟ್ಯಾಂಕು!"

"ಅಯ್ಯೋ ಮಂಕುದಿಣ್ಣೆ! ಸಿಮೆಂಟು ತಿಂದು ಬದುಕ್ತವೇನೋ ನನ್ನ ಕೂಸುಗಳು? ಹಣ್ಣು ಬೇಕಲ್ವೇನೋ, ಹಣ್ಣು! ರಾಶಿರಾಶಿ ಹಣ್ಣು ಇರೋ ಕಡೆ ನೋಡ್ಬೇಕು!"

"ಮೊದ್ಲೇ ಹೇಳಬಾರ್ದಾ ಅವ್ವ! ನಾಳೆ ಹಂಗೇ ಮಾಡ್ತೀನಿ."

ಆ ದಿನ ಪಂಜರದ ಒಂದು ದಬ್ಬೆ ಹೋಯಿತು; ದುಂಡವ್ವ ಕುಳಿತಲ್ಲೇ ಆ ಸಂದಿಗೆ ತಗಡಿನ ಚೂರು ಕಟ್ಟಿದಳು.

ಮರುದಿನ ಸಿಂಗ್ರಯ್ಯ ಹೊರಟ. ಹಣ್ಣು, ಹಣ್ಣು, ರಾಶಿರಾಶಿ ಹಣ್ಣು ಎಂದು ಬಾಯಿಪಾಠ ಮಾಡುತ್ತ ಹೊರಟ. ಬಸ್ಸು ನಿಲ್ಲುವಲ್ಲಿ ಕಂಡಿತು ನೋಡಿ ರಾಶಿ! ಬಾಳೆಯ ಗೊನೆ, ಸೀಬೆಯ ಗುಡ್ಡ, ಕಲ್ಲಂಗಡಿಯ ಕೋಟೆ. ನಡುವೆ ಮಸ್ತಾನ್ ಸಾಬಿ ಕುಳಿತು ನೊಣ ಓಡಿಸುತ್ತಿದ್ದ.

"ಸಾಬಣ್ಣ, ದಿನಾ ಇಷ್ಟು ಹಣ್ಣು ಇರ್ತದಾ?"

"ದಿನಾ ಇರ್ತದೆ ಕಣಪ್ಪ."

"ಹಂಗಾದ್ರೆ ನಮ್ಮನೆ ಮೂರು ಹೆಣ್ಮಕ್ಕಳನ್ನ ತಂದು ಇಲ್ಲಿ ಬಿಡ್ತೀನಿ."

ಮಸ್ತಾನ್ ಸಾಬಿಯ ಮುಖ ಅರಳಿತು. "ಕರ್ಕೊಂಡು ಬಾ, ಕರ್ಕೊಂಡು ಬಾ! ಹಣ್ಣು ತಿನ್ನೋ ಮಕ್ಕಳಂದ್ರೆ ನನಗೆ ಪ್ರಾಣ!"

"ಒಂದೇ ಹಣ್ಣು ಪೂರ್ತಿ ತಿನ್ನಾಕಿಲ್ಲ ಸಾಬಣ್ಣ. ಇದಕ್ಕೊಂದು ಬಾಯಿ, ಅದಕ್ಕೊಂದು ಬಾಯಿ ಹಾಕ್ತವೆ. ಆಮೇಲೆ ಗೊನೆ ಮೇಲೇ ಮಲಗ್ತವೆ. ಬಾಲ ತುಳಿಯದಂಗೆ ನೋಡ್ಕೊ."

"ಬಾಲ?" ಎಂದ ಮಸ್ತಾನ್ ಸಾಬಿ. ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಅರ್ಥವಾದೊಡನೆ ಕೊಳೆತ ಸೀಬೆಯೊಂದು ಸಿಂಗ್ರಯ್ಯನ ಬೆನ್ನ ಹಿಂದೆಯೇ ಹಾರಿ ಬಂತು. "ಅಳಿಲಾ? ನನ್ನ ಅಂಗಡೀಲಿ ಅಳಿಲು ಬಿಡ್ತೀಯಾ? ನಿಲ್ಲೋ, ನಿಲ್ಲೋ!"

ಮನೆಗೆ ಬಂದ. ತಾಯಿ ಕೇಳಿದಳು, ಮಗ ಹೇಳಿದ, ತಾಯಿ ಹಣೆ ಚಚ್ಚಿಕೊಂಡಳು.

"ಅಂಗಡಿ ಹಣ್ಣಲ್ಲ ಕಣೋ, ಗಿಡದಾಗಿರೋ ಹಣ್ಣು! ಬೆಳಗಾದ್ರೆ ರಾಶಿ ಹಾಕ್ತಾನೆ, ಸಂಜೆಯಾದ್ರೆ ಎಲ್ಲ ಕಟ್ಕೊಂಡು ಹೋಗ್ತಾನೆ. ಬಸ್ ಸ್ಟ್ಯಾಂಡಿನಲ್ಲಿ ಎಷ್ಟು ಕೊತ್ತಿ ಅವೆ, ನೋಡಿದ್ಯಾ? ಮೊದ್ಲು ಕೊತ್ತಿ ಸುಳಿಯದ ಜಾಗ ನೋಡೋ! ಕೊತ್ತಿ ವಾಸನೆಯೂ ಇರಬಾರ್ದು!"

"ಕೊತ್ತಿ ಸುಳೀಬಾರ್ದು. ತಿಳೀತವ್ವ!"

ಆ ದಿನ ಇನ್ನೊಂದು ದಬ್ಬೆ ಹೋಯಿತು. ಗೋಡೆಯ ಮೇಲಿನ ಕರಿಕೊತ್ತಿ ಒಂದು ಮೊಳ ಹತ್ತಿರ ಬಂದು ಕುಳಿತಿತು.

ಮೂರನೆಯ ದಿನ ಸಿಂಗ್ರಯ್ಯ ಕೊತ್ತಿ ಸುಳಿಯದ ಜಾಗವನ್ನು ಅರಸುತ್ತ ಹೊರಟ. ಈ ಸಲ ಮಾತ್ರ ತಲೆ ಓಡಿಸಿದ. ಕೊತ್ತಿಗೆ ಯಾರನ್ನು ಕಂಡರೆ ಭಯ? ಆ ಭಯ ಎಲ್ಲಿ ಹೆಚ್ಚಾಗಿದೆಯೋ ಅಲ್ಲಿ ಕೊತ್ತಿ ಇರಲಾರದು. ಇಷ್ಟು ದೊಡ್ಡ ವಿಚಾರ ತನಗೇ ಹೊಳೆಯಿತಲ್ಲ ಎಂದು ದಾರಿಯುದ್ದಕ್ಕೂ ಮೀಸೆ ತಿರುವಿದ. ಸಂಜೆಗೆ ಮರಳಿದಾಗ ಪಂಚೆಯಲ್ಲಿ ಅರ್ಧ ಮಾತ್ರ ಉಳಿದಿತ್ತು.

"ಸಿಕ್ತು ಕಣವ್ವ! ತೋಟದ ಮನೆ! ಅಂಗಳದ ತುಂಬ ಸೀಬೆ ಗಿಡ! ಹತ್ತು ವರ್ಷದಿಂದ ಒಂದು ಕೊತ್ತಿ ಅತ್ತ ತಲೆ ಹಾಕಿಲ್ಲವಂತೆ!"

"ಪಂಚೆ ಏನಾಯ್ತೋ?"

"ಅಲ್ಲಿ ಏಳು ಬೇಟೆನಾಯಿ ಅವೆ ಕಣವ್ವ. ಅದಕ್ಕೇ ಕೊತ್ತಿ ಇಲ್ಲ!"

ದುಂಡವ್ವ ಹಣೆ ಚಚ್ಚಿಕೊಳ್ಳಲು ಕೈಯೆತ್ತಿದವಳು, ಹಣೆಯ ಮೇಲೆ ಕರುಣೆ ಬಂದು ಕೈಯಿಳಿಸಿದಳು.

"ನೀನು ಮನುಷ್ಯನಂಗೆ ನೋಡ್ತೀಯ ಕಣೋ, ಅದಕ್ಕೇ ಹಿಂಗೆ! ಅಳಿಲಿನಂಗೆ ನೋಡು! ಅಳಿಲಿಗೆ ಎಲ್ಲಿ ಭಯ, ಎಲ್ಲಿ ಸುಖ, ಅಳಿಲಾಗಿ ನೋಡು!"

"ಅಳಿಲಾಗಿ ನೋಡ್ಬೇಕು. ತಿಳೀತವ್ವ!"

ಮಗ ತಿಳಿಯಿತು ಎಂದಾಗಲೆಲ್ಲ ತಾಯಿ ಮನೆದೇವರಿಗೆ ಇನ್ನೊಂದು ಹರಕೆ ಹೊರುತ್ತಿದ್ದಳು. ಇನ್ನೊಂದು ದಬ್ಬೆ ಹೋಯಿತು.

ನಾಲ್ಕನೆಯ ದಿನ ಸಿಂಗ್ರಯ್ಯ ಹಗ್ಗದ ತುದಿಯನ್ನು ಕುಚ್ಚು ಮಾಡಿ ಸೊಂಟದ ಹಿಂದೆ ಕಟ್ಟಿಕೊಂಡ. ಬೆನ್ನ ಮೇಲೆ ಸುಣ್ಣದಲ್ಲಿ ಮೂರು ಗೆರೆ ಎಳೆಸಿಕೊಂಡ. ಮಡಿಲಿನಲ್ಲಿ ಕಡಲೆಕಾಯಿ ತುಂಬಿಕೊಂಡು, ಹಣ್ಣು ಬಿಟ್ಟ ದೊಡ್ಡದೊಂದು ಮಾವಿನ ತೋಪಿಗೆ ಹೋಗಿ ಮರವೇರಿದ. ಕೊಂಬೆಯ ಮೇಲೆ ಕುಕ್ಕುರುಗಾಲಿನಲ್ಲಿ ಕುಳಿತು, ಎರಡೂ ಕೈಯಲ್ಲಿ ಒಂದೊಂದೇ ಕಡಲೆಕಾಯಿ ಹಿಡಿದು ಮೆಲ್ಲಗೆ ಕಡಿದ. ಸುಖವೆನಿಸಿತು. 'ಚಿಂವ್, ಚಿಂವ್' ಎಂದ. ಇನ್ನೂ ಸುಖವೆನಿಸಿತು. ಅಳಿಲು ತಲೆ ಕೆಳಗಾಗಿ ಇಳಿಯುತ್ತದಲ್ಲವೇ? ಅವನೂ ತಲೆ ಕೆಳಗಾಗಿ ಇಳಿದ. ಅರ್ಧ ಇಳಿಯುವಷ್ಟರಲ್ಲಿ ಬಾಲ ಕೊಂಬೆಗೆ ಸಿಕ್ಕಿಕೊಂಡು ಗಾಳಿಯಲ್ಲಿ ನೇತಾಡಿದ.

ತೋಪಿನ ಕಾವಲುಗಾರ ಓಡಿ ಬಂದ. ಕೈಯಲ್ಲಿ ಕವಣೆ.

"ಯಾವನ್ಲಾ ಅದು ಮರದಾಗೆ?"

"ನಾನು ಅಳಿಲು!"

"ಕಳ್ಳ ಅಂದಿದ್ರೆ ಹಿಡಿದು ಊರಿಗೆ ಒಪ್ಪಿಸ್ತಿದ್ದೆ. ಅಳಿಲಾ? ಅಳಿಲಿಗೆ ಹೊಡೆಯೋಕೇ ನನ್ನ ಇಲ್ಲಿಟ್ಟಿರೋದು!" ಎಂದವನೇ ಬೀಸಿ ಹೊಡೆದ. ಕಲ್ಲು ಸರಿಯಾಗಿ ಬಾಲದ ಬುಡಕ್ಕೆ ಬಿತ್ತು.

ಸಿಂಗ್ರಯ್ಯ ಕುಂಟುತ್ತ ಮನೆಗೆ ಬಂದ. ಮಂಡಿ ಊದಿದ ತಾಯಿ ಒಂದು ಕಡೆ, ಕೂರಲಾರದ ಮಗ ಒಂದು ಕಡೆ.

"ಬೇಡ ಕಣವ್ವ, ಆ ತೋಪು ಬೇಡ. ಅಲ್ಲಿ ಹಣ್ಣುಂಟು, ನೆರಳುಂಟು. ಆದರೆ ಅಳಿಲು ಅಂದ ಕೂಡ್ಲೇ ಕಲ್ಲು ಹೊಡೀತಾರೆ. ಬೆಳಿಗ್ಗೆ ಮರಕ್ಕೆ ಹುಳದ ಔಷಧಿಯನ್ನೂ ಹೊಡೆದ್ರು. ನನಗೇ ತಲೆ ಸುತ್ತು ಬಂತು. ನನಗೇ ಬದುಕಾಕಾಗ್ಲಿಲ್ಲ, ಗೋಲಿ ಹೆಂಗೆ ಬದುಕಾಳು?"

ಬೈಯಲು ಹೊರಟ ದುಂಡವ್ವ ಎಣ್ಣೆಯ ಬಟ್ಟಲನ್ನು ಮಗನತ್ತ ಸರಿಸಿದಳು. ಮಗನು ಹೇಳಿದ್ದು ನಿಜವಾಗಿತ್ತು. ತಾನೇ ಹೋಗಿದ್ದರೂ ಮಾವಿನಹಣ್ಣಿನ ಅಂದಕ್ಕೆ ಸೋತು ಅಲ್ಲೇ ಬಿಟ್ಟು ಬರುತ್ತಿದ್ದಳೇನೋ. ಆದರೂ ಬೆನ್ನ ಮೇಲಿನ ಸುಣ್ಣದ ಗೆರೆಗಳನ್ನು ನೋಡಿದೊಡನೆ ಸಿಟ್ಟು ಮರಳಿ ಬಂತು.

"ಬಾಲ ಕಟ್ಕೊಂಡು ಊರೆಲ್ಲ ಸುತ್ತಿದ್ಯಲ್ಲೋ, ಮಾನ ಹೋಯ್ತು! ದೊಡ್ಡವರು ಹೆಣ್ಣು ಕೊಡೋ ಮನೆ ನೋಡೋಕೆ ಹೋಗ್ತಾರಲ್ಲ, ಹಂಗೆ ಮರ್ಯಾದೆಯಾಗಿ ಹೋಗಿ, ಕೇಳಿ, ವಿಚಾರಿಸಿ ಬರಬಾರ್ದಾ?"

"ಹೆಣ್ಣು ಕೊಡೋ ಮನೆ ನೋಡಿದಂಗೆ ನೋಡ್ಬೇಕು. ತಿಳೀತವ್ವ!"

ಪಂಜರದ ಕೊರೆದ ಮಗ್ಗುಲಲ್ಲಿ ಇನ್ನು ಗಟ್ಟಿಯಾಗಿ ಉಳಿದದ್ದು ಒಂದೇ ದಬ್ಬೆ.

ಐದನೆಯ ದಿನ ಸಿಂಗ್ರಯ್ಯ ಸ್ನಾನ ಮಾಡಿ, ಮಡಿಪಂಚೆ ಉಟ್ಟು, ರುಮಾಲು ಸುತ್ತಿ, ತಟ್ಟೆಯಲ್ಲಿ ಎಲೆ ಅಡಿಕೆ ಬೆಲ್ಲ ಇಟ್ಟುಕೊಂಡ. ಹೆಣ್ಣು ಕೊಡುವ ಮನೆಗೆ ಒಬ್ಬನೇ ಹೋಗುವಂತಿಲ್ಲ, ಹಿರಿಯರೊಬ್ಬರು ಬೇಕು. ಪಕ್ಕದ ಬೀದಿಯ ಕಾಳಿಂಗಯ್ಯನನ್ನು ಕರೆದ. ಉಪ್ಪಿಟ್ಟಾದರೂ ಸಿಗುತ್ತದೆಂದು ಕಾಳಿಂಗಯ್ಯ ತನ್ನ ಗಾಡಿ ಕಟ್ಟಿದ.

ಗಾಡಿ ನಿಂತದ್ದು ಊರಾಚೆ, ಕೆರೆಯ ಏರಿಯ ಕೆಳಗಿನ ಹಳೆಯ ಗುಂಡುತೋಪಿನಲ್ಲಿ. ಹಿಂದಿನವರು ದಾರಿಹೋಕರ ನೆರಳಿಗೆಂದು ಊರಿನ ಹೆಸರಿನಲ್ಲಿ ನೆಟ್ಟ ತೋಪು ಅದು: ಅತ್ತಿ, ನೇರಳೆ, ಹುಣಸೆ, ಹೊಂಗೆ. ಅಲ್ಲಿ ಹೊಂಬಾಳಮ್ಮ ಎಂಬ ಮುದುಕಿ ಸಸಿಗಳಿಗೆ ನೀರು ಹಾಕಿಕೊಂಡಿದ್ದಳು. ಸಿಂಗ್ರಯ್ಯ ಅತಿ ದೊಡ್ಡ ಅತ್ತಿಮರದ ಮುಂದೆ ಕಂಬಳಿ ಹಾಸಿ ಕುಳಿತು ಕೆಮ್ಮಿದ.

"ಹೆಣ್ಣು ಕೊಡೋ ಮಾತು ಆಡಾಕೆ ಬಂದಿದ್ದೀವಿ."

"ಯಾರಿಗಪ್ಪ?" ಎಂದಳು ಹೊಂಬಾಳಮ್ಮ, ಸುತ್ತ ನೋಡಿ.

"ಈ ಮರಕ್ಕೆ."

ಕಾಳಿಂಗಯ್ಯ ರುಮಾಲಿನಿಂದ ಮುಖ ಮುಚ್ಚಿಕೊಂಡ. ಹೊಂಬಾಳಮ್ಮನೋ ಅಂಥ ಇಂಥ ಹೆಂಗಸಲ್ಲ. ಕೊಡ ಕೆಳಗಿಟ್ಟು, ಸೆರಗು ಹೊದ್ದು, ಮರದ ಬೇರಿನ ಮೇಲೆ ಗಂಡಿನ ತಾಯಿಯ ಠೀವಿಯಿಂದ ಕುಳಿತಳು.

"ಕೇಳಿ. ಏನು ವಿಚಾರಿಸ್ಬೇಕೋ ವಿಚಾರಿಸಿ. ಮೊದ್ಲು ನೀರು ಕುಡೀರಿ."

"ಒಪ್ಪಿಗೆ ಆಗೋಗಂಟ ನೀರು ಮುಟ್ಟಾಕಿಲ್ಲ. ನೀರಿಗೆ ಎಷ್ಟು ದೂರ ಹೋಗ್ಬೇಕು?"

"ಏರಿ ಹತ್ತಿದ್ರೆ ಕೆರೆ. ಬೇಸಿಗೇಲೂ ಬತ್ತಿದ್ದಿಲ್ಲ."

"ಮನೆ ನಿಲ್ತದಾ? ಮಾರೋದು, ಕಡಿಯೋದು ಏನಾದ್ರೂ ಉಂಟಾ?"

"ಊರಿನ ಗುಂಡುತೋಪು. ಕೊಡಲಿ ಹಾಕೋ ಗಂಡು ಇನ್ನೂ ಹುಟ್ಟಿಲ್ಲ."

"ಊಟಕ್ಕೆ?"

"ಅತ್ತಿ ಮುಗಿದ್ರೆ ನೇರಳೆ, ನೇರಳೆ ಮುಗಿದ್ರೆ ಹುಣಸೆ. ಹಸ್ಕೊಂಡು ಮಲಗಿದೋರನ್ನ ನಾನು ಕಂಡಿಲ್ಲ."

"ಅತ್ತೆ ನಾದಿನೀರು ಎಷ್ಟು ಜನ?"

"ಎಂಟತ್ತು ಅಳಿಲವೆ. ಮೊದಮೊದ್ಲು ಹೊಸಬರನ್ನ ಅಟ್ಟಾಡಿಸ್ತವೆ. ಯಾವ ಮನೇಲಿ ಇಲ್ಲ ಹೇಳಿ? ಮರ ಬೇಕಾದಷ್ಟಿದೆ, ಬೇರೆ ಒಲೆ ಹೂಡ್ಬಹುದು."

"ಅಕ್ಕಪಕ್ಕದೋರು? ಕೊತ್ತಿ, ನಾಯಿ, ಕವಣೆ?"

"ಊರು ಒಂದು ಮೈಲಿ ಆಚೆ. ಇಲ್ಲಿಗೆ ಬರೋದು ಗಾಳಿ, ಆಮೇಲೆ ನಾನು."

ಸಿಂಗ್ರಯ್ಯ ಎದ್ದು ಅತ್ತಿಮರದ ಬುಡಕ್ಕೆ ಎಲೆ ಅಡಿಕೆ ಇಟ್ಟು ಕೈಮುಗಿದು, "ಒಪ್ಪಿಗೆ!" ಎಂದ. ಆಮೇಲೆ ಎರಡು ಚೊಂಬು ನೀರು ಕುಡಿದ.

ಕಾಳಿಂಗಯ್ಯ ದಾರಿಯುದ್ದಕ್ಕೂ ಸಾರುತ್ತ ಬಂದಿದ್ದರಿಂದ, ಗಾಡಿ ಮನೆ ಸೇರುವ ಮೊದಲೇ ಸುದ್ದಿ ಸೇರಿತ್ತು. "ದುಂಡವ್ವ, ಬೀಗರು ಅತ್ತಿಮರವಂತೆ!" ಎಂದು ಬೀದಿಗೆ ಬೀದಿಯೇ ನಗುತ್ತಿತ್ತು. ದುಂಡವ್ವ ಮಗನನ್ನು ಎದುರಿಗೆ ಕೂರಿಸಿಕೊಂಡು ಒಂದೊಂದೇ ಮಾತು ಬಿಡಿಸಿ ಕೇಳಿದಳು. ನೀರು ಕೇಳಿದ್ದಾನೆ. ನೆಲೆ ಕೇಳಿದ್ದಾನೆ. ಊಟ, ನೆಂಟರು, ಶತ್ರುಗಳು, ಎಲ್ಲವನ್ನೂ ಕೇಳಿದ್ದಾನೆ. ಅಳಿಲಿಗಾಗಿ ಕೇಳಬೇಕಾದದ್ದರಲ್ಲಿ ಒಂದನ್ನೂ ಬಿಟ್ಟಿರಲಿಲ್ಲ. ಅವಳ ಕೈ ಹಣೆಯತ್ತ ಹೋಗಲಿಲ್ಲ. ಮಗನ ತಲೆಯ ಮೇಲೆ ಹೋಯಿತು.

"ನಗೋರು ನಗ್ಲಿ," ಎಂದಳು. "ನಾಳೆಯೇ ಕಳಿಸಿಕೊಡೋಣ. ದಾರೀಲಿ ಪಂಜರದ ಮೇಲಿಂದ ಕಣ್ಣು ತೆಗೀಬೇಡ ಮತ್ತೆ!"

"ಕಣ್ಣು ತೆಗೆಯಾಕಿಲ್ಲ. ತಿಳೀತವ್ವ!"

ಮರುದಿನ ಗಾಡಿ ಹೊರಟಿತು. ಮುಂದೆ ಕಾಳಿಂಗಯ್ಯ, ನಡುವೆ ಮಂಡಿ ಚಾಚಿದ ದುಂಡವ್ವ, ಹಿಂದೆ ಸಿಂಗ್ರಯ್ಯ, ಅವನ ತೊಡೆಯ ಮೇಲೆ ಪಂಜರ. ಬೀದಿಯವರು ಕೀಟಲೆ ಮಾಡಿದರು. ಅವನು ಪಂಜರ ನೋಡಿದ. ಮಸ್ತಾನ್ ಸಾಬಿ ಹೆಸರು ಹಿಡಿದು ಕೂಗಿದ, ಅವನು ಪಂಜರಕ್ಕೇ "ಏನು ಸಾಬಣ್ಣ?" ಎಂದ. ಬೀದಿನಾಯಿಗಳು ವಾಸನೆ ಹಿಡಿದು ಗಾಡಿಯ ಹಿಂದೆ ಓಡಿ ಬಂದವು. ಅವನು ನಾಯಿಗಳನ್ನೂ ನೋಡಲಿಲ್ಲ. ಏರಿಯ ತಿರುವಿನಲ್ಲಿ ಚಕ್ರ ಕಲ್ಲಿಗೆ ಬಿದ್ದು ಗಾಡಿ ಎಗರಿತು. ಚಟ್ ಎಂದು ಕೊನೆಯ ದಬ್ಬೆ ಮುರಿಯಿತು! ಗೋಲಿಯ ಮೂತಿ ಹೊರಗೆ! ಕೆಳಗೆ ನಾಯಿಗಳ ಬಾಯಿ!

ಬೇರೆಯವನಾಗಿದ್ದರೆ ಚಕ್ರವನ್ನು ನೋಡುತ್ತಿದ್ದ, ಕಲ್ಲನ್ನು ನೋಡುತ್ತಿದ್ದ, ನಾಯಿಯನ್ನು ನೋಡುತ್ತಿದ್ದ. ಸಿಂಗ್ರಯ್ಯನ ಕಣ್ಣು ಪಂಜರದಲ್ಲೇ ಇತ್ತು. ಮೂತಿ ಹೊರಬಂದ ಕ್ಷಣದಲ್ಲೇ ಅಂಗೈ ಅಡ್ಡ ಬಂತು. ಗೋಲಿ ಕಚ್ಚಿತು, ಅವನು ಕೈ ತೆಗೆಯಲಿಲ್ಲ. ಗೆಜ್ಜೆ ಕಚ್ಚಿತು, ತೆಗೆಯಲಿಲ್ಲ. ಮೂರೂ ಸೇರಿ ಕಚ್ಚಿದವು; ಕಣ್ಣಲ್ಲಿ ನೀರು ಬಂತು, ಕೈ ಮಾತ್ರ ಅಲುಗಲಿಲ್ಲ.

"ಕೈ ತೆಗೀಬೇಡ ಮಗ!" ಎಂದು ದುಂಡವ್ವ ಕೂಗಿದಳು. ಕೂಗಬೇಕಾಗಿಯೇ ಇರಲಿಲ್ಲ.

ಹೊಂಬಾಳಮ್ಮ ಆರತಿ ಹಿಡಿದು ಕಾದಿದ್ದಳು. ಪಂಜರವನ್ನು ಅತ್ತಿಯ ಕವಲಿನಲ್ಲಿ ಭದ್ರವಾಗಿ ಕಟ್ಟಿದರು. ಮದುವೆಯಾದ ಹುಡುಗಿಯನ್ನು ಬರಿಗೈಯಲ್ಲಿ ಬಿಟ್ಟು ಬರಬಾರದೆಂದು ದುಂಡವ್ವ ತವರಿನ ಬುತ್ತಿ ಇಟ್ಟಳು: ಕಡಲೆಕಾಯಿ, ಸೀಬೆಯ ಹೋಳು, ಚಿಪ್ಪಿನಲ್ಲಿ ನೀರು. ಬಾಗಿಲು ತೆರೆದೇ ಇತ್ತು. ಹೋಗಬಹುದು, ಹೆದರಿದರೆ ಮರಳಿ ಬರಬಹುದು. ಮೊದಲ ದಿನ ಗೆಜ್ಜೆ ಹೊರಬಂದಳು. ಎರಡನೆಯ ದಿನ ಮೂವರೂ ಹೊರಬಂದರು. ಅತ್ತೆ ನಾದಿನಿಯರು ಅಟ್ಟಾಡಿಸಿದರು, ಮೂವರೂ ಪಂಜರಕ್ಕೆ ಓಡಿಬಂದರು. ಹೊಂಬಾಳಮ್ಮ ದಿನದಿನಕ್ಕೆ ಬುತ್ತಿಯನ್ನು ಕಡಿಮೆ ಮಾಡಿದಳು. ಏಳನೆಯ ದಿನ ಗೊಂಬೆ ಪಂಜರ ಕಟ್ಟಿದ ಹಗ್ಗದಿಂದ ತೆಂಗಿನ ನಾರು ಕಚ್ಚಿಕೊಂಡು ಮೇಲಕ್ಕೆ ಓಡಿದಳು. ಹತ್ತನೆಯ ದಿನ ದುಂಡವ್ವ ಕೋಲೂರಿಕೊಂಡು ಬಂದು ನೋಡುತ್ತಾಳೆ: ಬುತ್ತಿ ಇಟ್ಟಂತೆಯೇ ಇದೆ, ಪಂಜರ ಬರಿದಾಗಿದೆ, ಮರದ ತುದಿಯಲ್ಲಿ ಹೊಸ ಗೂಡು! ಗೂಡಿನ ಸುತ್ತ ಗೆಜ್ಜೆ, ಗೋಲಿ, ಗೊಂಬೆ, 'ಚಿಂವ್ ಚಿಂವ್' ಎಂದು ಮರಕ್ಕೆ ಮರವೇ ತಮ್ಮದೆಂಬಂತೆ!

ನಕ್ಕ ಊರೆಲ್ಲ ತೋಪಿಗೆ ಬಂತು. ಕತ್ತೆತ್ತಿ ನೋಡಿತು. ಮಸ್ತಾನ್ ಸಾಬಿ ಒಂದು ಚಿಪ್ಪು ಬಾಳೆಹಣ್ಣನ್ನು ಬೀಗರ ಔತಣಕ್ಕೆಂದು ತಂದಿದ್ದ.

"ಯಾರು ಆರಿಸಿದ ಜಾಗ?" ಎಂದು ದುಂಡವ್ವ ಕೋಲು ಕುಟ್ಟಿ ಕೇಳಿದಳು. "ಹೇಳಿ, ಯಾರು ಆರಿಸಿದ ಜಾಗ?"

"ಸಿಂಗ್ರಯ್ಯ!" ಎಂದಿತು ಊರು.

ಕಾಳಿಂಗಯ್ಯ ಅವನನ್ನು ಹೆಗಲ ಮೇಲೆ ಎತ್ತಲು ನೋಡಿದ. ಆರಡಿ ಆಳು ಏಳಲಿಲ್ಲ. ನಾಲ್ವರು ಸೇರಿ ಎತ್ತಿದರು. ಅಷ್ಟರಲ್ಲಿ ಗೋಲಿ ಸರ್ರನೆ ಇಳಿದು ಬಂದು ಸಿಂಗ್ರಯ್ಯನ ಹೆಗಲೇರಿ ಕುಳಿತಳು. ಎಲ್ಲರೂ ಚಪ್ಪಾಳೆ ತಟ್ಟಿದರು. ದುಂಡವ್ವನ ಮುಖ ಮಾತ್ರ ಸಣ್ಣದಾಯಿತು.

"ಇದು ಒಳ್ಳೇದಲ್ಲ ಮಗ," ಎಂದಳು ಮನೆಗೆ ಬಂದ ಮೇಲೆ. "ನಮ್ಮ ಸಲುಗೆ ಬಿಡಬೇಕು ಅವು. ಎಲ್ಲರೂ ನಿನ್ನಂಗೇ ಇರ್ತಾರಾ? ಇನ್ನು ಮೇಲೆ ಅಳಿಲು ಕಂಡ್ರೆ ನೀನೇ ದೂರ ಹೋಗು. ಅವುಗಳ ಕಣ್ಣಿಗೆ ಬೀಳಬೇಡ."

"ಅಳಿಲು ಕಂಡ್ರೆ ದೂರ ಹೋಗ್ಬೇಕು. ಕಣ್ಣಿಗೆ ಬೀಳಬಾರ್ದು. ತಿಳೀತವ್ವ!"

ಬೆಳಗಾಯಿತು. ಸಿಂಗ್ರಯ್ಯ ಬಾಗಿಲು ತೆರೆದ. ನುಗ್ಗೆಮರದ ಮೇಲೆ ಯಾವುದೋ ಅಳಿಲು! ಓಡಿದ. ಹಿಟ್ಟಿನ ಗಿರಣಿಯ ಸೂರಿನ ಮೇಲೆ ಅಳಿಲು! ಅಲ್ಲಿಂದ ಓಡಿದ. ಶಾಲೆಯ ಗೋಡೆಯ ಮೇಲೆ ಎರಡು ಅಳಿಲು! ಅಲ್ಲಿಂದಲೂ ಓಡಿದ. ಲೋಕದ ತುಂಬ ಇಷ್ಟೊಂದು ಅಳಿಲುಗಳಿವೆಯೆಂದು ಅವನಿಗೆ ಆವರೆಗೆ ಗೊತ್ತಿರಲಿಲ್ಲ. ಮರವಿದ್ದಲ್ಲಿ ಅಳಿಲು, ಗೋಡೆಯಿದ್ದಲ್ಲಿ ಅಳಿಲು, ನೆಲವಿದ್ದಲ್ಲಿ ಅಳಿಲು. ಓಡಿದ, ಓಡಿದ, ಮಧ್ಯಾಹ್ನದವರೆಗೂ ಓಡಿದ.

ಊಟಕ್ಕೆ ಬಾರದ ಮಗನನ್ನು ಹುಡುಕುತ್ತ ದುಂಡವ್ವ ಕೋಲೂರಿಕೊಂಡು ಏರಿ ಹತ್ತಿದಳು. ಹಿಂದೆ ಕಾಳಿಂಗಯ್ಯ, ಹೊಂಬಾಳಮ್ಮ. ನೋಡುತ್ತಾರೆ: ಕೆರೆಯ ನಡುವೆ ಕತ್ತಿನಮಟ್ಟದ ನೀರಿನಲ್ಲಿ ಸಿಂಗ್ರಯ್ಯ ನಿಂತಿದ್ದಾನೆ. ನೀರಿನ ಮೇಲೆ ಒಂದು ತಲೆ, ಒಂದು ಮೀಸೆ, ಒಂದು ದೊಡ್ಡ ನಗು.

"ಅಯ್ಯೋ ಬಾರೋ ಈಚೆಗೆ!"

"ಬರಾಕಿಲ್ಲ ಕಣವ್ವ! ಜಾಗ ಸಿಕ್ತು! ಮರ ಇಲ್ಲ, ಹಣ್ಣಿಲ್ಲ, ಸುತ್ತ ಎಲ್ಲೂ ಒಂದೇ ಒಂದು ಅಳಿಲಿಲ್ಲ! ಇಂಥ ಜಾಗ ಊರಲ್ಲೇ ಇಲ್ಲ!"

"ಎಷ್ಟು ದಿನ ಇರ್ತೀಯೋ ಅಲ್ಲಿ?"

"ಹೊಂದ್ಕೊಳ್ಳೋಗಂಟ ಹತ್ತು ದಿನ ಆಯ್ತದೆ! ಬುತ್ತಿ ಕಳಿಸವ್ವ!"

ಆ ಸದ್ದಿಗೆ ಅತ್ತಿಯ ಕೊಂಬೆಯಿಂದ ಗೋಲಿ ಏರಿಯ ಕಲ್ಲಿನ ಮೇಲಕ್ಕೆ ಜಿಗಿದು, ದುಂಡವ್ವನ ಪಕ್ಕದಲ್ಲೇ ಕುಳಿತು, ನೀರಿನತ್ತ ಕತ್ತು ಹೊರಳಿಸಿದಳು. ಸಿಂಗ್ರಯ್ಯ ಮೂಗು ಹಿಡಿದು ಮುಳುಗಿದ. ಉಸಿರು ಕಟ್ಟಿ ಎದ್ದ, ಗೋಲಿ ನೋಡುತ್ತಿದ್ದಳು, ಮುಳುಗಿದ. ಮತ್ತೆ ಎದ್ದ, ಇನ್ನೂ ನೋಡುತ್ತಿದ್ದಳು, ಮತ್ತೆ ಮುಳುಗಿದ.

ಗೋಲಿ ಎರಡೂ ಕೈಯಲ್ಲಿ ಒಂದು ಅತ್ತಿಹಣ್ಣು ಹಿಡಿದು, ಅವಸರವಿಲ್ಲದೆ ತಿನ್ನತೊಡಗಿದಳು.